ಥಾಮಸ್ ಹರ್ನನ ಪ್ರಕಟಣೆಗಳು: ಯಥಾಪ್ರತಿ ಸಂಪಾದನೆಯ ಗುಣದೋಷ ವಿಚಾರ

ಪ್ರಾಚೀನ ಹಸ್ತಪ್ರತಿಯೊಂದನ್ನು ಅಚ್ಚಿಗೆ ಸಿದ್ಧಪಡಿಸುವ ಸಂಪಾದಕನ ಮುಂದೆ ಎರಡು ಮಾರ್ಗಗಳಿರುತ್ತವೆ. ಪ್ರತಿಯಲ್ಲಿ ಕಂಡುದನ್ನು ಕಂಡಂತೆ, ಲಿಪಿಕಾರನ ಸ್ಖಾಲಿತ್ಯಗಳೊಡನೆಯೇ ಮುದ್ರಿಸುವುದು ಒಂದು. ದೋಷವೆಂದು ತೋರಿದುದನ್ನು ತಿದ್ದಿ, ಲೋಪವೆಂದು ತೋರಿದುದನ್ನು ತುಂಬಿ, ಗ್ರಂಥಕಾರನ ಅಭಿಪ್ರೇತವೆಂದು ತಾನು ನಂಬಿದ ಪಾಠವನ್ನು ಓದುಗರ ಕೈಗಿಡುವುದು ಇನ್ನೊಂದು. ಮೊದಲನೆಯದನ್ನು ಜಡಕಾರ್ಯವೆಂದೂ ಎರಡನೆಯದನ್ನು ಪಾಂಡಿತ್ಯವೆಂದೂ ಎಣಿಸುವ ವಾಡಿಕೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಈ ಎಣಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸಲು ಇಂಗ್ಲೆಂಡಿನ ಪುರಾತತ್ತ್ವಜ್ಞ ಥಾಮಸ್ ಹರ್ನನ (೧೬೭೮–೧೭೩೫) ಪ್ರಕಟಣೆಗಳು ಉತ್ತಮ ಸಾಮಗ್ರಿಯನ್ನು ಒದಗಿಸುತ್ತವೆ. ಆತನು ಜೀವಿಸಿದ್ದಾಗ ವಿನೋದಪ್ರಿಯರಾದ ಕವಿಗಳು ಆತನನ್ನು ಪುಸ್ತಕದ ಹುಳುವೆಂದು ನಕ್ಕರು. ಆತನ ಮರಣಕ್ಕೆ ನಾಲ್ಕು ವರ್ಷ ಮೊದಲು ವೆಸ್ಟ್‌ಮಿನ್‌ಸ್ಟರಿನಲ್ಲಿ ಸಂಭವಿಸಿದ ಒಂದು ಅಗ್ನಿ ಅನಾಹುತವು ಆ ನಗೆಯ ಬೆಲೆಯನ್ನು ಮರುಪರಿಶೀಲಿಸುವಂತೆ ಮಾಡಿತು. ಆ ಪರಿಶೀಲನೆಯೇ ಪ್ರಸ್ತುತ ಲೇಖನದ ಉದ್ದೇಶ.

ಜೀವನವೃತ್ತ

ಹರ್ನನು ಬಾರ್ಕ್‌ಷೈರ್ ಪ್ರಾಂತದ ವೈಟ್ ವಾಲ್ಥಮ್ ಗ್ರಾಮದವನು. ಆತನ ತಂದೆ ಅಲ್ಲಿಯ ಚರ್ಚಿನ ಗುಮಾಸ್ತನಾಗಿದ್ದನು. ಬಡ ಹುಡುಗನ ಬುದ್ಧಿಶಕ್ತಿಯನ್ನು ಕಂಡು ಫ್ರಾನ್ಸಿಸ್ ಚೆರಿ ಎಂಬ ಸ್ಥಳೀಯ ಜಮೀನ್ದಾರನು ಆತನನ್ನು ಸಾಕಿ, ಓದಿಸಿ, ಆಕ್ಸ್‌ಫರ್ಡಿನ ಸೇಂಟ್ ಎಡ್ಮಂಡ್ ಹಾಲಿಗೆ ಕಳುಹಿಸಿದನು. ೧೭೦೧ರಲ್ಲಿ ಹರ್ನನು ಬಾಡ್ಲಿಯನ್ ಗ್ರಂಥಾಲಯದಲ್ಲಿ ಸಹಾಯಕನಾಗಿ ಸೇರಿ ೧೭೧೨ರಲ್ಲಿ ಅಲ್ಲಿಯ ಎರಡನೆಯ ಗ್ರಂಥಪಾಲಕನಾದನು.

೧೭೧೪ರಲ್ಲಿ ಹ್ಯಾನೋವರ್ ಮನೆತನದ ಒಂದನೆಯ ಜಾರ್ಜನು ಸಿಂಹಾಸನವನ್ನೇರಿದನು. ಅಧಿಕಾರದಲ್ಲಿದ್ದವರೆಲ್ಲರೂ ಹೊಸ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂಬ ಶಾಸನವಾಯಿತು. ಸ್ಟೂಅರ್ಟ್ ವಂಶವೇ ನ್ಯಾಯವಾದ ರಾಜವಂಶವೆಂದು ನಂಬಿದ್ದ ಹರ್ನನು ಪ್ರಮಾಣ ಮಾಡಲು ಒಪ್ಪಲಿಲ್ಲ. ೧೭೧೬ರ ಜನವರಿ ೨೩ಕ್ಕೆ ಗಡುವು ಮುಗಿಯಿತು. ಆತನ ಹುದ್ದೆಯೂ ಹೋಯಿತು. ಆತನ ಬಳಿಯಿದ್ದ ಕೀಲಿಕೈಗಳು ನಿರುಪಯೋಗವಾಗುವಂತೆ ಗ್ರಂಥಾಲಯದ ಬೀಗಗಳನ್ನೇ ಬದಲಾಯಿಸಲಾಯಿತು. ಮುಂದೆ ಗೌರವದ ಪದವಿಗಳು ಅರಸಿ ಬಂದಾಗಲೂ ಅದೇ ಪ್ರಮಾಣದ ಕಾರಣದಿಂದ ಆತನು ಅವನ್ನು ನಿರಾಕರಿಸಿದನು. ೧೭೩೫ರ ಜೂನ್ ೧೦ರಂದು ಮರಣ ಹೊಂದುವವರೆಗೆ ಸೇಂಟ್ ಎಡ್ಮಂಡ್ ಹಾಲಿನ ತನ್ನ ಕೊಠಡಿಯಲ್ಲೇ ಕುಳಿತು, ಮುಂಗಡ ಚಂದಾದಾರರನ್ನು ಕೂಡಿಸಿಕೊಂಡು, ಕೆಲವೇ ಪ್ರತಿಗಳಂತೆ ವರ್ಷವರ್ಷವೂ ಗ್ರಂಥಗಳನ್ನು ಅಚ್ಚು ಹಾಕಿಸುತ್ತಿದ್ದನು.

ಈ ವೃತ್ತಾಂತವನ್ನು ಇಲ್ಲಿ ಹೇಳಿದುದು ಕಥೆಗಾಗಿ ಅಲ್ಲ. ೧೭೧೬ರಿಂದ ಮುಂದಿನ ಆತನ ಸಂಪಾದನೆಗಳ ಗುಣಕ್ಕೂ ದೋಷಕ್ಕೂ ಇದೇ ಮೂಲ. ಮಹಾಗ್ರಂಥಾಲಯದ ಬಾಗಿಲು ಮುಚ್ಚಿದ ಮೇಲೆ ಆತನು ಎರವಲು ಬಂದ ಹಸ್ತಪ್ರತಿಗಳನ್ನೂ ಮಿತ್ರರು ಮಾಡಿ ಕಳುಹಿಸಿದ ನಕಲುಗಳನ್ನೂ ಆಶ್ರಯಿಸಬೇಕಾಯಿತು. ಎರವಲು ಪ್ರತಿ ಹಿಂದಿರುಗಿ ಹೋಗುವುದು. ಮತ್ತೊಮ್ಮೆ ನೋಡುವ ಅವಕಾಶ ದೊರೆಯಲಾರದು. ಅಂತಹ ಸ್ಥಿತಿಯಲ್ಲಿ ಪ್ರತಿಯೊಂದು ಅಕ್ಷರವನ್ನೂ ಇದ್ದಂತೆ ಹಿಡಿದಿಡುವುದು ಸ್ವಭಾವವಷ್ಟೇ ಅಲ್ಲ, ವಿವೇಕವೂ ಆಗಿತ್ತು.

ಪ್ರಕಟಣೆಗಳ ಸ್ವರೂಪ

ಆರಂಭದಲ್ಲಿ ಹರ್ನನು ಪ್ಲಿನಿ, ಜಸ್ಟಿನ್, ಲಿವಿ ಮೊದಲಾದ ಲ್ಯಾಟಿನ್ ಗ್ರಂಥಕಾರರನ್ನು ಪ್ರಕಟಿಸಿದನು. ಅವುಗಳ ಮಾತು ಇಲ್ಲಿ ಬೇಡ. ಆತನ ನಿಜವಾದ ಕಾರ್ಯ ಆರಂಭವಾದುದು ೧೭೧೦ರಿಂದ ೧೭೧೨ರವರೆಗೆ ಒಂಬತ್ತು ಸಂಪುಟಗಳಲ್ಲಿ ಹೊರಬಂದ ಜಾನ್ ಲೀಲಂಡನ ಪ್ರವಾಸ ಟಿಪ್ಪಣಿಗಳಿಂದ.

ಲೀಲಂಡನು ಎಂಟನೆಯ ಹೆನ್ರಿಯ ಕಾಲದವನು. ಕ್ರೈಸ್ತ ಮಠಗಳನ್ನು ರಾಜಾಜ್ಞೆಯಿಂದ ಮುಚ್ಚಿದ ೧೫೩೬–೪೦ರ ಆಸುಪಾಸಿನಲ್ಲಿ ಊರೂರು ತಿರುಗಿ, ಮಠಗಳ ಪುಸ್ತಕ ಭಂಡಾರಗಳನ್ನೂ ಕೋಟೆ, ಸೇತುವೆ, ಸಮಾಧಿಗಳನ್ನೂ ನೋಡಿ ಬರೆದಿಟ್ಟನು. ಬಹುತೇಕ ಮಠಗಳ ಗ್ರಂಥಗಳು ಚದುರಿಹೋದ ಮೇಲೆ, ಯಾವ ಭಂಡಾರದಲ್ಲಿ ಯಾವ ಗ್ರಂಥವಿತ್ತೆಂಬುದಕ್ಕೆ ಆತನ ಪಟ್ಟಿಗಳೇ ಅನೇಕ ಕಡೆ ಸಾಕ್ಷಿಯಾಗಿ ಉಳಿದವು. ಆದರೆ ಲೀಲಂಡನು ಸಂಕಲ್ಪಿಸಿದ ಮಹಾಗ್ರಂಥ ಹುಟ್ಟಲಿಲ್ಲ. ಆತನಿಗೆ ಬುದ್ಧಿಭ್ರಮಣೆಯಾಗಿ ೧೫೫೨ರಲ್ಲಿ ತೀರಿಕೊಂಡನು. ಟಿಪ್ಪಣಿಗಳು ನೂರೈವತ್ತಕ್ಕೂ ಹೆಚ್ಚು ವರ್ಷ ಅಚ್ಚಾಗದೆ ಉಳಿದು, ನಶಿಸತೊಡಗಿದ್ದವು. ಹರ್ನನು ಅವನ್ನು ಕ್ರಮಗೊಳಿಸಿ ಸೊಗಸಾದ ದೇಶವರ್ಣನೆಯನ್ನಾಗಿ ಮಾಡಲು ಹೋಗಲಿಲ್ಲ. ಅರ್ಧ ವಾಕ್ಯ ಅರ್ಧವಾಗಿಯೇ ಇದೆ. ಲೀಲಂಡನು ಮುಂದೆ ತುಂಬೋಣವೆಂದು ಬಿಟ್ಟ ಖಾಲಿ ಜಾಗ ಖಾಲಿಯಾಗಿಯೇ ಇದೆ. ಹೇಳಿದ್ದನ್ನೇ ಮತ್ತೆ ಹೇಳಿದ್ದರೆ ಅದೂ ಇದೆ. ೧೭೧೫ರಲ್ಲಿ ಲೀಲಂಡನ ಸಂಗ್ರಹಗಳೂ ಆರು ಸಂಪುಟಗಳಲ್ಲಿ ಹೊರಬಂದವು.

ಅದೇ ೧೭೧೫ರಲ್ಲಿ ಹರ್ನನು ಕ್ರೈಸ್ತ ಆಗಮದ 'ಅಪೊಸ್ತಲರ ಕೃತ್ಯಗಳು' ಎಂಬ ಭಾಗದ ಪ್ರಾಚೀನ ಗ್ರೀಕ್–ಲ್ಯಾಟಿನ್ ಹಸ್ತಪ್ರತಿಯನ್ನು ಅಕ್ಷರಶಃ ಅಚ್ಚು ಹಾಕಿಸಿದನು. ತರುವಾಯ ವಿಲಿಯಂ ಆಫ್ ನ್ಯೂಬರ್ಗ್ (೧೭೧೯), ರಾಚೆಸ್ಟರ್ ಪೀಠದ ಶಾಸನಸಂಗ್ರಹ (೧೭೨೦), ಫೋರ್ಡನನ ಸ್ಕಾಟ್ಲೆಂಡ್ ಚರಿತ್ರೆ (೧೭೨೨), ವೂಸ್ಟರ್ ಮಠದ ಹೆಮಿಂಗನ ದಾನಪತ್ರ ಸಂಗ್ರಹ (೧೭೨೩), ರಾಬರ್ಟ್ ಆಫ್ ಗ್ಲಾಸ್ಟರನ ಪದ್ಯಚರಿತ್ರೆ (೧೭೨೪), ಪೀಟರ್ ಲ್ಯಾಂಗ್‌ಟಾಫ್ಟನ ಹೆಸರಿನ ಚರಿತ್ರೆ (೧೭೨೫), ಜಾನ್ ಆಫ್ ಗ್ಲಾಸ್ಟನ್‌ಬರಿಯ ಮಠಚರಿತ್ರೆ (೧೭೨೬) ಇತ್ಯಾದಿಗಳು ಎಡೆಬಿಡದೆ ಬಂದವು. ಎರಡು ಇಂಗ್ಲಿಷ್ ಪದ್ಯಚರಿತ್ರೆಗಳಿಗೆ ಆತನು ಪ್ರಾಚೀನ ಶಬ್ದಗಳ ಕೋಶವನ್ನೂ ಜೋಡಿಸಿದನು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸರ್ಕಾರದ ವತಿಯಿಂದ ಮಧ್ಯಯುಗದ ಚರಿತ್ರೆಗಳ ದೊಡ್ಡ ಮಾಲೆ ಹೊರಡುವವರೆಗೆ ಇವುಗಳಲ್ಲಿ ಹಲವಕ್ಕೆ ಹರ್ನನ ಮುದ್ರಣವೇ ಗತಿಯಾಗಿತ್ತು.

ಸಮಕಾಲೀನರ ಆಕ್ಷೇಪ

ಅಲೆಕ್ಸಾಂಡರ್ ಪೋಪ್ ಕವಿಯು 'ಡನ್ಸಿಯಡ್' ಎಂಬ ತನ್ನ ವಿಡಂಬನ ಕಾವ್ಯದಲ್ಲಿ (೧೭೨೮) ವರ್ಮಿಯಸ್ ಎಂಬ ಹೆಸರಿಟ್ಟು ಹರ್ನನನ್ನು ಹಾಸ್ಯಕ್ಕೆ ಗುರಿಮಾಡಿದನು. ಮುಂದೆ ಇತಿಹಾಸಕಾರ ಗಿಬ್ಬನ್ನನೂ ಹರ್ನನ ಪರಿಶ್ರಮವನ್ನು ಒಪ್ಪಿಕೊಂಡು, ಆತನ ಅಭಿರುಚಿಯನ್ನು ಹಳಿದನು. ಈ ಆಕ್ಷೇಪಗಳ ಸಾರ ಎರಡು. ಹರ್ನನು ಕಾಳು–ಜೊಳ್ಳುಗಳ ವಿವೇಚನೆಯಿಲ್ಲದೆ ಹಳೆಯದೆಂದರೆ ಎಲ್ಲವನ್ನೂ ಸಂಗ್ರಹಿಸುತ್ತಾನೆ. ಲಿಪಿಕಾರನ ತಪ್ಪನ್ನೂ ಪೂಜ್ಯವೆಂದು ಕಾಪಾಡುತ್ತಾನೆ.

ಮೊದಲನೆಯ ಆಕ್ಷೇಪದಲ್ಲಿ ಸತ್ಯಾಂಶವುಂಟು. ಹರ್ನನ ಸಂಪುಟಗಳಲ್ಲಿ ಮೂಲಗ್ರಂಥಕ್ಕೂ ಅನುಬಂಧಗಳಿಗೂ ಸಂಬಂಧವೇ ಇರುವುದಿಲ್ಲ. ಸ್ಟೋನ್ಸ್‌ಫೀಲ್ಡಿನಲ್ಲಿ ದೊರೆತ ರೋಮನರ ಕಾಲದ ಚಿತ್ರನೆಲಗಟ್ಟಿನ ವಿಚಾರ ಲೀಲಂಡನ ಪ್ರವಾಸದ ಸಂಪುಟದಲ್ಲಿ ಬರುತ್ತದೆ. ಪೀಠಿಕೆಗಳು ಗ್ರಂಥಪರಿಚಯವನ್ನು ಬಿಟ್ಟು ತನ್ನ ಕಾಲದ ಜಗಳಗಳಿಗೆ ಇಳಿಯುತ್ತವೆ. ಅಂತಹ ಪೀಠಿಕೆಗಳಿಂದ ಆತನು ವಿಶ್ವವಿದ್ಯಾನಿಲಯದ ಕೋಪಕ್ಕೂ ತುತ್ತಾದನು. ಎರಡನೆಯ ಆಕ್ಷೇಪ ಮಾತ್ರ ಬೇರೆ ಬಗೆಯದು. ಅದನ್ನು ತೂಗಿ ನೋಡಲು ಕಾಟನ್ ಗ್ರಂಥಾಲಯದ ಒಂದು ಕಟ್ಟಿನ ಇತಿಹಾಸವನ್ನು ತಿಳಿಯಬೇಕು.

ಒಂದೇ ಕಟ್ಟಿನ ಎರಡು ಕೃತಿಗಳು

ಸರ್ ರಾಬರ್ಟ್ ಕಾಟನ್ (೧೫೭೧–೧೬೩೧) ಸಂಗ್ರಹಿಸಿದ ಹಸ್ತಪ್ರತಿಗಳ ಕಪಾಟುಗಳ ಮೇಲೆ ರೋಮ್ ಚಕ್ರವರ್ತಿಗಳ ಪ್ರತಿಮೆಗಳಿದ್ದವು; ಕಪಾಟಿಗೆ ಆ ಚಕ್ರವರ್ತಿಯ ಹೆಸರೇ ರೂಢಿಯಾಯಿತು. ಆಥೊ ಎಂಬ ಕಪಾಟಿನ ಮೊದಲ ಹಲಗೆಯ ಹನ್ನೆರಡನೆಯ ಕಟ್ಟಿನಲ್ಲಿ ಎರಡು ಅಪೂರ್ವ ಕೃತಿಗಳಿದ್ದವು. ಒಂದು, ಬಿಷಪ್ ಆಸರ್ ೮೯೩ರಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಆಲ್ಫ್ರೆಡ್ ದೊರೆಯ ಚರಿತ್ರೆ. ಇನ್ನೊಂದು, ೯೯೧ರಲ್ಲಿ ಎಸೆಕ್ಸ್ ಪ್ರಾಂತದ ಮಾಲ್ಡನ್ ಬಳಿ ವೈಕಿಂಗರೊಡನೆ ಹೋರಾಡಿ ಮಡಿದ ಬಿರ್ಟ್‌ನಾತ್ ಎಂಬ ನಾಯಕನನ್ನೂ ಅವನೊಡನೆ ಪ್ರಾಣಕೊಟ್ಟ ಅನುಚರರನ್ನೂ ಕುರಿತ ಪ್ರಾಚೀನ ಇಂಗ್ಲಿಷ್ ವೀರಕಾವ್ಯ. ಇದಕ್ಕೆ ಆದಿಯೂ ಅಂತ್ಯವೂ ಮೊದಲೇ ಕಳೆದುಹೋಗಿ, ನಡುವಿನ ೩೨೫ ಪಂಕ್ತಿಗಳು ಉಳಿದಿದ್ದವು. ಎರಡು ಕೃತಿಗಳಿಗೂ ಬೇರೆ ಪ್ರಾಚೀನ ಪ್ರತಿ ಉಳಿದಿರಲಿಲ್ಲ.

೧೭೩೧ರ ಅಕ್ಟೋಬರ್ ೨೩ರಂದು, ಈ ಸಂಗ್ರಹವನ್ನು ಇರಿಸಿದ್ದ ವೆಸ್ಟ್‌ಮಿನ್‌ಸ್ಟರಿನ ಆಷ್‌ಬರ್ನಮ್ ಭವನಕ್ಕೆ ಬೆಂಕಿ ಬಿದ್ದಿತು. ೯೫೮ ಕಟ್ಟುಗಳ ಪೈಕಿ ೧೧೪ ಸುಟ್ಟುಹೋದವು ಇಲ್ಲವೆ ಸಂಪೂರ್ಣ ಹಾಳಾದವು, ೯೮ ಹಾನಿಗೊಳಗಾದವು ಎಂದು ಮರುವರ್ಷ ವರದಿಯಾಯಿತು. 'ಬೇವುಲ್ಫ್' ಮಹಾಕಾವ್ಯದ ಏಕೈಕ ಪ್ರತಿಯ ಅಂಚುಗಳು ಕರಕಾದವು. ಆಥೊ ಕಪಾಟಿನ ಆ ಹನ್ನೆರಡನೆಯ ಕಟ್ಟಿನಲ್ಲಿದ್ದ ಆಸರನ ಚರಿತ್ರೆಯೂ ವೀರಕಾವ್ಯವೂ ಬೂದಿಯಾದವು. ಇನ್ನು ಮುಂದೆ ಈ ಎರಡು ಕೃತಿಗಳಿಗೆ ಮುದ್ರಣವೇ ಮೂಲಪ್ರತಿ. ಆ ಮುದ್ರಣಗಳ ಗುಣವೇನು ಎಂಬುದನ್ನು ಇಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಆಸರನ ಗ್ರಂಥವನ್ನು ಮೊದಲು ಅಚ್ಚು ಹಾಕಿಸಿದವನು ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರ್ (೧೫೭೪). ಈತನು ವಿದ್ವಾಂಸ, ಹಸ್ತಪ್ರತಿಗಳ ಮಹಾಸಂಗ್ರಾಹಕ. ಆತನ ಉಪಕಾರವನ್ನು ಯಾರೂ ಮರೆಯುವಂತಿಲ್ಲ. ಆದರೆ ಸೇಂಟ್ ನಿಯಟ್ಸ್ ಮಠದ ವಾರ್ಷಿಕ ದಾಖಲೆಗಳೂ ಆಸರನದೇ ರಚನೆಯೆಂದು ನಂಬಿ, ಅದರಿಂದ ಭಾಗಗಳನ್ನು ಎತ್ತಿ ಚರಿತ್ರೆಯೊಳಗೆ ಸೇರಿಸಿದನು. ಆಲ್ಫ್ರೆಡ್ ದೊರೆ ಒಲೆಯ ಮೇಲಿನ ರೊಟ್ಟಿಗಳು ಸೀದುಹೋಗುವಂತೆ ಬಿಟ್ಟು ಬೈಸಿಕೊಂಡನೆಂಬ, ಇಂಗ್ಲೆಂಡಿನ ಮಕ್ಕಳೆಲ್ಲರೂ ಬಲ್ಲ ಕಥೆ ಆಸರನ ಗ್ರಂಥದೊಳಗೆ ಹೊಕ್ಕುದು ಹೀಗೆ. ೧೬೦೨ರಲ್ಲಿ ವಿಲಿಯಂ ಕ್ಯಾಮ್‌ಡೆನ್ ಅದೇ ಪಾಠವನ್ನು ಮರುಮುದ್ರಿಸುವಾಗ ಆಕ್ಸ್‌ಫರ್ಡ್ ವಿದ್ಯಾಪೀಠದ ಪ್ರಾಚೀನತೆಯನ್ನು ಸಮರ್ಥಿಸುವ ಒಂದು ಭಾಗವೂ ಅದರಲ್ಲಿ ಸೇರಿಬಂದಿತು. ಅದೂ ಮೂಲದಲ್ಲಿರಲಿಲ್ಲ. ೧೭೨೨ರಲ್ಲಿ ಫ್ರಾನ್ಸಿಸ್ ವೈಸನು ಕಾಟನ್ ಪ್ರತಿಯೊಡನೆ ಹೋಲಿಸಿದ ಪಾಠಗಳನ್ನೂ ಅದರ ಮೊದಲ ಪುಟದ ಪಡಿಯಚ್ಚನ್ನೂ ಕೊಟ್ಟುದು ಪುಣ್ಯವಶಾತ್ ಬೆಂಕಿಗಿಂತ ಒಂಬತ್ತು ವರ್ಷ ಮುಂಚೆ ನಡೆಯಿತು. ಅಷ್ಟಾದರೂ ಆಸರನ ನಿಜಪಾಠವನ್ನು ಪ್ರಕ್ಷೇಪಗಳಿಂದ ಬಿಡಿಸಿ ತೋರಿಸಲು ೧೯೦೪ರಲ್ಲಿ ಡಬ್ಲ್ಯು. ಎಚ್. ಸ್ಟೀವನ್‌ಸನ್ನನ ಪರಿಶ್ರಮ ಬೇಕಾಯಿತು. ಪಾರ್ಕರನು ಮೋಸ ಮಾಡಬೇಕೆಂದು ಮಾಡಿದವನಲ್ಲ. ಗ್ರಂಥವನ್ನು ಪೂರ್ಣಗೊಳಿಸುತ್ತಿದ್ದೇನೆಂದು ನಂಬಿದ್ದನು. ಆ ಸದುದ್ದೇಶದ ಗಂಟನ್ನು ಬಿಡಿಸಲು ೩೩೦ ವರ್ಷ ಹಿಡಿಯಿತು.

ವೀರಕಾವ್ಯದ ಕಥೆ ಬೇರೆ. ಬೆಂಕಿಗೆ ಮುಂಚೆ ಅದರ ನಕಲೊಂದು ಆಗಿತ್ತು. ಅದು ಹರ್ನನ ಕೈಸೇರಿತು. ೧೭೨೬ರಲ್ಲಿ ಆತನು ಅದನ್ನು ಜಾನ್ ಆಫ್ ಗ್ಲಾಸ್ಟನ್‌ಬರಿಯ ಮಠಚರಿತ್ರೆಗೆ ಅನುಬಂಧವಾಗಿ, ಅನುವಾದವಿಲ್ಲದೆ, ಪದ್ಯಪಂಕ್ತಿಗಳಾಗಿ ವಿಂಗಡಿಸದೆ, ಗದ್ಯದಂತೆ ಅಚ್ಚು ಹಾಕಿಸಿದನು. ಮಠಚರಿತ್ರೆಗೂ ಈ ಕಾವ್ಯಕ್ಕೂ ಏನು ಸಂಬಂಧವೆಂದು ಅಂದಿನ ಓದುಗನು ಹುಬ್ಬುಗಂಟಿಕ್ಕಿದ್ದರೆ ಅದು ಸಹಜವೇ. ಪೋಪ್ ಕವಿ ಹಾಸ್ಯ ಮಾಡಿದ ಸಂಗ್ರಹಬುದ್ಧಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು. ಐದು ವರ್ಷಗಳ ತರುವಾಯ ಮೂಲವು ಸುಟ್ಟುಹೋದಾಗ, ಲೋಕಕ್ಕೆ ಲಭ್ಯವಾಗಿ ಉಳಿದುದು ಈ ಅಸಂಬದ್ಧ ಅನುಬಂಧವೊಂದೇ.

ಇಪ್ಪತ್ತನೆಯ ಶತಮಾನದಲ್ಲಿ ಆ ನಕಲೂ ಬಾಡ್ಲಿಯನ್ ಗ್ರಂಥಾಲಯದ ರಾಲಿನ್‌ಸನ್ ಸಂಗ್ರಹದಲ್ಲಿ ಪತ್ತೆಯಾಯಿತು. ೧೯೩೭ರಲ್ಲಿ ಇ. ವಿ. ಗಾರ್ಡನ್ ತನ್ನ ಆವೃತ್ತಿಗೆ ಅದನ್ನು ಬಳಸಿಕೊಂಡನು. ಮೊದಲು ಜಾನ್ ಎಲ್ಫಿನ್‌ಸ್ಟನ್ನನ ಕೈಬರಹವೆಂದು ಎಣಿಸಿದ್ದ ಆ ನಕಲು ಕಾಟನ್ ಗ್ರಂಥಾಲಯದ ಉಪಪಾಲಕನಾಗಿದ್ದ ಡೇವಿಡ್ ಕ್ಯಾಸ್ಲಿಯದೆಂದು ೧೯೮೫ರಲ್ಲಿ ಎಚ್. ಎಲ್. ರೋಜರ್ಸ್ ತೋರಿಸಿದನು. ಮುದ್ರಣವನ್ನು ನಕಲಿನೊಡನೆ ಹೋಲಿಸಿದಾಗ ಹರ್ನನು ತನ್ನ ಮುಂದಿದ್ದುದನ್ನು ಬಹುಮಟ್ಟಿಗೆ ಇದ್ದಂತೆಯೇ ಕೊಟ್ಟಿರುವುದು ಸ್ಪಷ್ಟವಾಗುತ್ತದೆ. ಕಾವ್ಯದಲ್ಲಿ ಅರ್ಥವಾಗದ ರೂಪಗಳಿವೆ, ನಿಜ. ಅವುಗಳಲ್ಲಿ ಕೆಲವು ನಕಲುಗಾರನು ಹಳೆಯ ಲಿಪಿಯ ಸದೃಶಾಕ್ಷರಗಳನ್ನು ತಪ್ಪಾಗಿ ಓದಿದುದರಿಂದ ಬಂದವು. ನಮ್ಮ ಓಲೆಗರಿಗಳಲ್ಲಿ ಪಕಾರ, ವಕಾರ, ಮಕಾರಗಳು ಒಂದಕ್ಕೊಂದು ತೊಡಕಾಗುವಂತೆ. ತಪ್ಪು ತಪ್ಪಾಗಿಯೇ ಉಳಿದಿರುವುದರಿಂದ ಅದು ಹೇಗೆ ಹುಟ್ಟಿತೆಂದು ಊಹಿಸಿ ಹಿಂದಿನ ಅಕ್ಷರವನ್ನು ತಲುಪುವ ದಾರಿ ತೆರೆದಿದೆ. ಹರ್ನನು ಅದನ್ನು ಸುಸಂಬದ್ಧ ಪದವಾಗಿ ತಿದ್ದಿದ್ದರೆ ಆ ದಾರಿ ಎಂದೆಂದಿಗೂ ಮುಚ್ಚಿಹೋಗುತ್ತಿತ್ತು. ಮುಚ್ಚಿದೆಯೆಂಬ ಸಂದೇಹವೂ ಯಾರಿಗೂ ಬರುತ್ತಿರಲಿಲ್ಲ.

ಹರ್ನನ ದೋಷಗಳು

ಇಷ್ಟರಿಂದ ಹರ್ನನನ್ನು ಆದರ್ಶ ಸಂಪಾದಕನೆಂದು ಹೊಗಳುವುದು ಅತಿಯಾಗುತ್ತದೆ. ಪ್ರತಿಯೊಂದಕ್ಕೆ ನಿಷ್ಠನಾಗಿರುವುದು ಬೇರೆ, ಯೋಗ್ಯ ಪ್ರತಿಯನ್ನು ಆರಿಸಿಕೊಳ್ಳುವುದು ಬೇರೆ. ಎರಡನೆಯದರಲ್ಲಿ ಆತನು ದುರ್ಬಲನು.

ರಾಚೆಸ್ಟರ್ ಸಂಗ್ರಹವನ್ನು ಆತನು ಮೂಲವನ್ನು ನೋಡಿ ಅಚ್ಚು ಹಾಕಿಸಲಿಲ್ಲ. ಹದಿನೇಳನೆಯ ಶತಮಾನದ ಸರ್ ಎಡ್ವರ್ಡ್ ಡೆರಿಂಗನ ನಕಲನ್ನು ಆಧರಿಸಿದನು. ಆ ನಕಲು ಅಪೂರ್ಣವಾದುದರಿಂದ ಮುದ್ರಣವೂ ಅಪೂರ್ಣ. ರಾಬರ್ಟ್ ಆಫ್ ಗ್ಲಾಸ್ಟರನ ಚರಿತ್ರೆಗೆ ಹಾರ್ಲಿ ಸಂಗ್ರಹದ ಪ್ರತಿಯನ್ನು ಆಧಾರವಾಗಿಟ್ಟುಕೊಂಡನು; ೧೮೮೭ರಲ್ಲಿ ಆಲ್ಡಿಸ್ ರೈಟನು ಕಾಟನ್ ಸಂಗ್ರಹದ ಪ್ರತಿಯನ್ನು ಆಧಾರವಾಗಿಟ್ಟು ಹೊಸ ಆವೃತ್ತಿಯನ್ನು ಸಿದ್ಧಪಡಿಸಬೇಕಾಯಿತು. ಲ್ಯಾಂಗ್‌ಟಾಫ್ಟನ ಹೆಸರಿನಲ್ಲಿ ಪ್ರಕಟಿಸಿದ ಇಂಗ್ಲಿಷ್ ಚರಿತ್ರೆ ವಾಸ್ತವವಾಗಿ ರಾಬರ್ಟ್ ಮ್ಯಾನಿಂಗನ ಕೃತಿ. ಲ್ಯಾಂಗ್‌ಟಾಫ್ಟನ ಫ್ರೆಂಚ್ ಗ್ರಂಥ ಅದರ ಒಂದು ಆಕರ ಮಾತ್ರ. ಆಕರದ ಕರ್ತೃವಿನ ಹೆಸರನ್ನು ಕೃತಿಯ ನೆತ್ತಿಗೆ ಕಟ್ಟುವುದು ಸಣ್ಣ ದೋಷವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಗಳ ಕಾಲ, ವಂಶ, ಪರಸ್ಪರ ಸಂಬಂಧಗಳ ವಿಮರ್ಶೆ ಆತನ ಪೀಠಿಕೆಗಳಲ್ಲಿ ವಿರಳ.

ಇವು ಆತನ ಪದ್ಧತಿಯ ದೋಷಗಳೋ, ಆ ಪದ್ಧತಿಯನ್ನು ಅರ್ಧಕ್ಕೆ ನಿಲ್ಲಿಸಿದುದರ ದೋಷಗಳೋ ಎಂದು ಕೇಳಿಕೊಂಡರೆ ಎರಡನೆಯದೆಂದೇ ಉತ್ತರಿಸಬೇಕಾಗುತ್ತದೆ. ಪ್ರತಿಯನ್ನು ಇದ್ದಂತೆ ಕೊಡುವುದು ಸಂಪಾದನೆಯ ಮೊದಲ ಮೆಟ್ಟಿಲು. ಹರ್ನನು ಅದನ್ನೇ ಕೊನೆಯ ಮೆಟ್ಟಿಲೆಂದು ತಿಳಿದನು. ಪಾರ್ಕರನು ಅದನ್ನು ಹತ್ತದೆಯೇ ಮೇಲಕ್ಕೆ ನೆಗೆದನು. ಮೊದಲನೆಯವನ ಕೊರತೆಯನ್ನು ಮುಂದಿನ ವಿದ್ವಾಂಸರು ತುಂಬಬಲ್ಲರು. ಎರಡನೆಯವನ ಕೊರತೆ, ಮೂಲವು ನಾಶವಾದ ಪಕ್ಷದಲ್ಲಿ, ತುಂಬಲು ಬಾರದು.

ನಮಗೆ ಗ್ರಾಹ್ಯವಾದುದು

ಪಂಡಿತರು ಇಲ್ಲಿ ಒಂದು ಪ್ರಶ್ನೆಯನ್ನು ಎತ್ತಬಹುದು. ಶಾಸ್ತ್ರಗ್ರಂಥವನ್ನು ಅಶುದ್ಧವಾಗಿ ಮುದ್ರಿಸುವುದು ಶ್ರುತಕ್ಕೆ ಅವಿನಯವಲ್ಲವೆ? ಜ್ಞಾನಾಚಾರದ ಎಂಟು ಅಂಗಗಳಲ್ಲಿ ವ್ಯಂಜನಶುದ್ಧಿಯೂ ಒಂದಲ್ಲವೆ? ಹೌದು. ಆದರೆ ಅದೇ ಎಂಟರಲ್ಲಿ ಅನಿಹ್ನವವೂ ಒಂದು: ಜ್ಞಾನವು ಎಲ್ಲಿಂದ ಬಂದಿತೋ ಆ ಮೂಲವನ್ನು ಮರೆಮಾಚದಿರುವುದು. ತಿದ್ದಿದೆನೆಂದು ಹೇಳದೆ ತಿದ್ದುವ ಸಂಪಾದಕನು ತನ್ನ ಊಹೆಯನ್ನು ಆಚಾರ್ಯರ ಮಾತಾಗಿ ನಿಲ್ಲಿಸುತ್ತಾನೆ. ಅದು ನಿಹ್ನವಕ್ಕೆ ಬಹಳ ಸಮೀಪದ್ದು. ಶುದ್ಧಪಾಠವನ್ನು ಸೂಚಿಸಲು ಅಡಿಟಿಪ್ಪಣಿಯಿದೆ, ಆವರಣ ಚಿಹ್ನೆಯಿದೆ. ಎರಡು ಅಂಗಗಳಿಗೂ ಭಂಗ ಬಾರದಂತೆ ನಡೆಯುವುದು ಅಸಾಧ್ಯವೇನಲ್ಲ.

ಇದಕ್ಕೆ ನಮ್ಮಲ್ಲಿಯೇ ಶ್ರೇಷ್ಠವಾದ ಮೇಲ್ಪಂಕ್ತಿಯೊಂದುಂಟು. ಡಾ. ಹೀರಾಲಾಲ ಜೈನರು ೧೯೩೯ರಲ್ಲಿ ಧವಲಾಟೀಕಾಸಹಿತ ಷಟ್ಖಂಡಾಗಮದ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಮುಂದಿದ್ದವು ಮೂಡುಬಿದಿರೆಯ ಓಲೆಗರಿಗಳಲ್ಲ, ನಕಲಿನ ನಕಲುಗಳು. ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದ ಬಿಟ್ಟುಹೋಗಿರಬೇಕೆಂದು ಅವರಿಗೆ ತೋರಿತು. ಪದವನ್ನು ಸೂತ್ರದೊಳಗೆ ತುರುಕದೆ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ತರುವಾಯ ಮೂಡುಬಿದಿರೆಯ ಓಲೆಗರಿಗಳೊಡನೆ ಹೋಲಿಸಿದಾಗ ಆ ಪದ ಅಲ್ಲಿ ದೊರೆಯಿತು. ಸೂತ್ರದ ಅರ್ಥವನ್ನು ಕುರಿತು ನಡೆದ ವಾದವಿವಾದ ಇಲ್ಲಿ ಪ್ರಸ್ತುತವಲ್ಲ. ನಕಲಿನಲ್ಲಿ ಏನಿತ್ತು, ಸಂಪಾದಕರ ಊಹೆ ಯಾವುದು, ಓಲೆಗರಿಯಲ್ಲಿ ಏನಿದೆ ಎಂಬ ಮೂರು ಸಂಗತಿಗಳೂ ಬೇರೆಬೇರೆಯಾಗಿ ಉಳಿದುವೆಂಬುದೇ ಪ್ರಸ್ತುತ. ಹಾಗೆ ಉಳಿದುದರಿಂದಲೇ ಊಹೆಯನ್ನು ಓಲೆಗರಿಯಿಂದ ಪರೀಕ್ಷಿಸಲು ಸಾಧ್ಯವಾಯಿತು. ಹರ್ನನ ನಿಷ್ಠೆಯೂ ಹರ್ನನಲ್ಲಿಲ್ಲದ ವಿಮರ್ಶೆಯೂ ಇಲ್ಲಿ ಕೂಡಿವೆ.

ನಮ್ಮ ಬಸದಿ, ಮಠಗಳ ಭಂಡಾರಗಳಲ್ಲಿಯೂ ಶ್ರಾವಕರ ಮನೆಗಳಲ್ಲಿಯೂ ಇರುವ ಓಲೆಗರಿಗಳಿಗೆ ಬೆಂಕಿಯೇ ಬೀಳಬೇಕೆಂದಿಲ್ಲ; ಗೆದ್ದಲು, ತೇವ, ಅಲಕ್ಷ್ಯಗಳು ಅದ್ದೂರಿಯಿಲ್ಲದೆ ಅದೇ ಕಾರ್ಯವನ್ನು ನಡೆಸುತ್ತಿವೆ. ಇಂದು ಸಂಪಾದಿತವಾಗುವ ಯಾವ ಗ್ರಂಥದ ಮುದ್ರಣ ನಾಳೆ ಮೂಲಪ್ರತಿಯ ಸ್ಥಾನಕ್ಕೆ ಬರುವುದೋ ಹೇಳಲು ಯಾರಿಗೂ ಶಕ್ಯವಿಲ್ಲ. ಆದಕಾರಣ ಗರಿಯ ಸಂಖ್ಯೆಯನ್ನು ಅಂಚಿನಲ್ಲಿ ಕಾಣಿಸುವುದು, ತ್ರುಟಿತ ಸ್ಥಳದಲ್ಲಿ ಎಷ್ಟು ಅಕ್ಷರ ನಷ್ಟವಾಗಿದೆಯೆಂದು ಗುರುತಿಸುವುದು, ತಿದ್ದಿದ ಪ್ರತಿಯೊಂದು ಪಾಠಕ್ಕೂ ಪ್ರತಿಯಲ್ಲಿರುವ ರೂಪವನ್ನು ಕೆಳಗೆ ಕೊಡುವುದು, ಪುಷ್ಪಿಕೆಯನ್ನು ಅದರ ತಪ್ಪುಗಳೊಡನೆಯೇ ಅಚ್ಚು ಹಾಕುವುದು, ನಕಲು ಮಾಡಿದವರ ಹೆಸರು ಮತ್ತು ತೇದಿಯನ್ನು ದಾಖಲಿಸುವುದು ಇವು ಸಂಪಾದಕನ ಇಚ್ಛೆಗೆ ಬಿಟ್ಟ ಅಲಂಕಾರಗಳಲ್ಲ.

ಇನ್ನೊಂದು ಮಾತನ್ನು ಸೇರಿಸುವುದು ಅವಶ್ಯ. ಮುದ್ರಣ ಮುಗಿದ ಮೇಲೂ ಹರ್ನನು ಕ್ಯಾಸ್ಲಿಯ ನಕಲನ್ನು ಎಸೆಯಲಿಲ್ಲ. ಅದು ಆತನ ಕಾಗದಪತ್ರಗಳಲ್ಲಿ ಉಳಿದು, ರಿಚರ್ಡ್ ರಾಲಿನ್‌ಸನ್ನನ ಕೈಗೆ ಬಂದು, ಆತನ ಉಯಿಲಿನ ಮೂಲಕ ೧೭೫೫ರಲ್ಲಿ ಬಾಡ್ಲಿಯನ್ ಗ್ರಂಥಾಲಯವನ್ನು ಸೇರಿತು. ಹರ್ನನಿಗೆ ಬೀಗ ಹಾಕಿದ ಗ್ರಂಥಾಲಯವೇ ಅದು. ಗ್ರಂಥ ಅಚ್ಚಾದೊಡನೆ ನಕಲುಪ್ರತಿಯ ಕಟ್ಟುಗಳನ್ನು ಹಳೆಯ ಕಾಗದದೊಡನೆ ವಿಲೇವಾರಿ ಮಾಡುವ ಪದ್ಧತಿ ಎಲ್ಲೆಲ್ಲಿ ಇದೆಯೋ ಅಲ್ಲಲ್ಲಿ ಅದು ನಿಲ್ಲಬೇಕು. ಆ ಕಟ್ಟುಗಳಿಗೂ ಕ್ರಮಸಂಖ್ಯೆ ಹಾಕಿ, ಅವುಗಳ ಓಲೆಗರಿಗಳ ಪಕ್ಕದಲ್ಲಿಯೇ ಇಡಬೇಕು.